ಕಾರಿಲ್ಲದೆ ಒರ್ವಿಯೆಟೊ: ಬಂಡೆಯ ಮೇಲಿನ ಊರನ್ನು ನೋಡಿ ಬರುವುದು ಹೇಗೆ?

ಇಟಲಿಗೆ ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ರೋಮ್, ಫ್ಲಾರೆನ್ಸ್ ಹೇಗೂ ನೋಡ್ತೀವಿ, ಫೋಟೋಗಳಲ್ಲಿ ಕಾಣುವ ಬೆಟ್ಟದ ತುದಿಯ ಹಳೇ ಊರುಗಳಲ್ಲಿ ಒಂದನ್ನಾದರೂ ನೋಡಬೇಕು, ಯಾವುದು ಒಳ್ಳೇದು? ಕಾರು ಬೇಕೇ ಬೇಕಾ? ಬೆಳಿಗ್ಗೆ ಹೋಗಿ ಸಂಜೆ ಬಂದರೆ ಸಾಕಾ? ಅಮ್ಮನಿಗೆ ಮೊಣಕಾಲು ನೋವು, ಅಪ್ಪ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಆಗುತ್ತಾ? ಜರ್ಮನಿಯಲ್ಲೋ ನೆದರ್‌ಲ್ಯಾಂಡ್ಸ್‌ನಲ್ಲೋ ಕೆಲಸದಲ್ಲಿದ್ದು, ಊರಿಂದ ಬಂದ ತಂದೆತಾಯಿಯನ್ನು ಸುತ್ತಾಡಿಸುವ ಕನ್ನಡಿಗರ ಪಟ್ಟಿಯಂತೂ ಅಕ್ಷರಶಃ ಇದೇ.

ನಾನು ಪ್ರತಿ ಸಲ ಹೇಳುವ ಊರು ಒಂದೇ, ಒರ್ವಿಯೆಟೊ. ಕಾರು ಬೇಡ. ಒಂದು ರಾತ್ರಿ ಉಳಿಯಿರಿ. ಮೊಣಕಾಲು ನೋವಿದ್ದರೂ ಬಹುಪಾಲು ನೋಡಬಹುದು. ಊಟಕ್ಕೂ ದಾರಿ ಇದೆ, ಆದರೆ ಸ್ವಲ್ಪ ಎಚ್ಚರ ಬೇಕು.

ಒರ್ವಿಯೆಟೊ ಮಧ್ಯ ಇಟಲಿಯ ಉಂಬ್ರಿಯಾ ಪ್ರಾಂತ್ಯದಲ್ಲಿದೆ, ರೋಮ್‌ನಿಂದ ಉತ್ತರಕ್ಕೆ ಸುಮಾರು 120 ಕಿ.ಮೀ. ಇದು ಇಳಿಜಾರಿನಲ್ಲಿ ಕಟ್ಟಿದ ಊರಲ್ಲ. ಬಯಲಿನ ನಡುವೆ ಚಪ್ಪಟೆ ತಲೆಯ ಒಂದು ದೊಡ್ಡ ಬಂಡೆ ನಿಂತಿದೆ, ಸುತ್ತ ಕಡಿದಾದ ಗೋಡೆ, ಊರು ಅದರ ತಲೆಯ ಮೇಲೆ. ಬಂಡೆ ತುಫೊ ಕಲ್ಲಿನದು. ತುಫೊ ಅಂದರೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು. ಹುಟ್ಟು ಬೇರೆಯಾದರೂ ಕಡಿಯುವುದಕ್ಕೆ ನಮ್ಮ ಕರಾವಳಿಯ ಮುರಕಲ್ಲಿನಷ್ಟೇ ಮೆತ್ತಗೆ. ಹಾಗಾಗಿ ಇಲ್ಲಿನ ಜನ ಎರಡೂವರೆ ಸಾವಿರ ವರ್ಷದಿಂದ ಮೇಲಕ್ಕೆ ಕಟ್ಟಿದಷ್ಟೇ ಕೆಳಕ್ಕೂ ಅಗೆದಿದ್ದಾರೆ. ಚರ್ಚ್ ನೋಡಿ ಐಸ್‌ಕ್ರೀಂ ತಿಂದು ಇಳಿದುಬಿಡುವವರು ಅರ್ಧ ಊರನ್ನಷ್ಟೇ ನೋಡಿರುತ್ತಾರೆ, ಉಳಿದರ್ಧ ಅವರ ಕಾಲಡಿಯಲ್ಲಿರುತ್ತದೆ.

ಹೊರಡುವ ಮುಂಚೆ

ಕರ್ನಾಟಕದಿಂದ ಹೊರಡುವವರಿಗೆ ಷೆಂಗೆನ್ ವೀಸಾ ಬೇಕು, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ನಡೆಯುವ ಒಂದೇ ವೀಸಾ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, 15 ದಿನಕ್ಕಿಂತ ತಡ ಮಾಡುವ ಹಾಗಿಲ್ಲ. ಬೇಸಿಗೆ ರಜೆಗೆ ಹೋಗೋದಾದರೆ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಎರಡು-ಮೂರು ತಿಂಗಳು ಮುಂಚೆಯೇ ಹಿಡಿದಿಡಿ. ದೊಡ್ಡವರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೋ ಆಗಿದೆ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಎರಡು-ಮೂರು ದೇಶ ಸುತ್ತುವವರು ಒಂದು ಕಡೆ ಎಡವುತ್ತಾರೆ. ವೀಸಾ ಬೇಗ ಸಿಗುತ್ತದೆ ಅಂತ ಯಾವುದೋ ದೇಶಕ್ಕೆ ಅರ್ಜಿ ಹಾಕಬೇಡಿ, ಹೆಚ್ಚು ರಾತ್ರಿ ಎಲ್ಲಿ ಉಳಿಯುತ್ತೀರೋ ಆ ದೇಶಕ್ಕೇ ಹಾಕಬೇಕು. ಯಾವುದಾದರೂ ಷೆಂಗೆನ್ ದೇಶದ ವಾಸದ ಪರವಾನಗಿ ಇದ್ದವರಿಗೆ ಇಟಲಿಗೆ ಬೇರೆ ವೀಸಾ ಬೇಡ, ಪರವಾನಗಿ ಕಾರ್ಡು ಮತ್ತು ಪಾಸ್‌ಪೋರ್ಟ್ ಎರಡೂ ಜೊತೆಗಿರಲಿ.

ಸಾಮಾನಿನ ವಿಷಯಕ್ಕೆ ಬಂದರೆ, ಜಾರದ ಅಡಿಯಿರುವ ಶೂ ಬೇಕು. ಬೀದಿಯ ಕಲ್ಲುಗಳು ಸವೆದು ನುಣುಪಾಗಿವೆ, ಮಳೆ ಬಂದರೆ ಹೇಳಬೇಕಾಗಿಲ್ಲ. ಒಂದು ಶಾಲು ಇರಲಿ. ಚರ್ಚಿನೊಳಗೆ ಭುಜ, ಮೊಣಕಾಲು ಮುಚ್ಚಿರಬೇಕು. ನೆಲದಡಿಯ ಗುಹೆಗಳು ಬಿರುಬೇಸಿಗೆಯಲ್ಲೂ ತಣ್ಣಗಿರುತ್ತವೆ, ಅಲ್ಲೂ ಅದೇ ಶಾಲು ಸಾಕು. ಒಂದು-ಎರಡು ಯೂರೋ ನಾಣ್ಯ ಜೇಬಿನಲ್ಲಿರಲಿ, ಶೌಚಾಲಯಕ್ಕೆ ಬೇಕಾಗುತ್ತದೆ. ಖಾಲಿ ನೀರಿನ ಬಾಟಲಿ ತನ್ನಿ. ಬೀದಿ ನಲ್ಲಿಯ ನೀರು ಕುಡಿಯಬಹುದು, ‘ನಾನ್ ಪೊತಾಬಿಲೆ’ ಅಂತ ಫಲಕ ಇದ್ದರೆ ಮಾತ್ರ ಬಿಟ್ಟುಬಿಡಿ.

1. ಯಾವಾಗ ಹೋಗಬೇಕು, ಎಷ್ಟು ಹೊತ್ತು ಬೇಕು

ಏಪ್ರಿಲ್-ಮೇ, ಇಲ್ಲವೇ ಸೆಪ್ಟೆಂಬರ್-ಅಕ್ಟೋಬರ್. ಜುಲೈ-ಆಗಸ್ಟ್‌ನ ಮಧ್ಯಾಹ್ನ ಕಲ್ಲಿನ ಬೀದಿ ಕಾದ ಹೆಂಚಾಗಿರುತ್ತದೆ. ಚಳಿಗಾಲದಲ್ಲಿ ಕಣಿವೆಯಿಂದ ಮಂಜು ಎದ್ದು ಬಂಡೆಯ ಸುತ್ತ ತುಂಬಿಕೊಳ್ಳುತ್ತದೆ, ನೋಟ ಚೆಂದ, ಆದರೆ ದಿನ ಬಲು ಚಿಕ್ಕದು. ಡಿಸೆಂಬರ್ ಕೊನೆಯ ವಾರ ಇಲ್ಲಿ ಜಾಝ್ ಸಂಗೀತೋತ್ಸವ ಇರುತ್ತದೆ, ಆಗ ಕೋಣೆ ಸಿಗೋದು ಕಷ್ಟ. ಈಸ್ಟರ್ ಕಳೆದು ಸುಮಾರು ಎರಡು ತಿಂಗಳಿಗೆ ಕಾರ್ಪುಸ್ ದೊಮಿನಿ ಹಬ್ಬ ಬರುತ್ತದೆ. ಹಳೇ ಕಾಲದ ವೇಷ ತೊಟ್ಟು ಊರಿಗೆ ಊರೇ ಮೆರವಣಿಗೆ ಹೊರಡುವ ದಿನ ಅದು. ಜನಜಂಗುಳಿ ಅಭ್ಯಾಸವಿದ್ದವರು, ಅಂದರೆ ನಾವೆಲ್ಲ, ಆರಾಮಾಗಿ ಹೋಗಬಹುದು.

ಒಂದೇ ದಿನದಲ್ಲಿ ಹೋಗಿ ಬರೋಕೆ ಆಗುತ್ತದೆ. ಆದರೂ ನಾನು ಒಂದು ರಾತ್ರಿ ಅನ್ನುತ್ತೇನೆ. ಹತ್ತೂವರೆ-ಹನ್ನೊಂದಕ್ಕೆ ರೋಮ್‌ನ ಪ್ರವಾಸಿಗರು ಬಂದು ಇಳಿಯುತ್ತಾರೆ, ಸಂಜೆ ಐದರ ನಂತರ ಹೊರಡುತ್ತಾರೆ. ಆ ನಡುವಿನ ಹೊತ್ತಲ್ಲೇ ಬಂದು ಹೋದರೆ ನೀವು ನೋಡುವುದು ಬೆನ್ನುಗಳನ್ನು. ಇನ್ನೊಂದು ವಿಷಯ, ಮಧ್ಯಾಹ್ನ ಒಂದರಿಂದ ಮೂರೂವರೆ-ನಾಲ್ಕರವರೆಗೆ ಬಹಳಷ್ಟು ಅಂಗಡಿಗಳು ಬಾಗಿಲು ಹಾಕುತ್ತವೆ. ಇದಕ್ಕೆ ‘ರಿಪೋಸೊ’ ಅನ್ನುತ್ತಾರೆ, ಊಟ ಮಾಡಿ ಒಂದು ಸಣ್ಣ ನಿದ್ದೆ ತೆಗೆಯುವ ಹೊತ್ತು. ಒಂದು ದಿನದ ಪ್ರವಾಸಿಗೆ ಸಿಗುವ ಆರು ಗಂಟೆಯಲ್ಲಿ ಮೂರು ಇದಕ್ಕೇ ಹೋಗುತ್ತದೆ.

2. ರೈಲು ಹಿಡಿಯುವುದು

ರೋಮ್‌ನ ಟೆರ್ಮಿನಿ ಅಥವಾ ತಿಬುರ್ತಿನಾ ನಿಲ್ದಾಣದಿಂದ ನೇರ ರೈಲುಗಳಿವೆ. ಇಂಟರ್‌ಸಿಟಿಗೆ ಒಂದು ಗಂಟೆ ಚಿಲ್ಲರೆ, ‘ರೆಜೊನಾಲೆ’ ಅಂದರೆ ಪ್ರಾದೇಶಿಕ ರೈಲಿಗೆ ಒಂದೂಕಾಲು-ಒಂದೂವರೆ ಗಂಟೆ. ಪ್ರಾದೇಶಿಕ ರೈಲೇ ಸಾಕು. ಟಿಕೆಟ್ ಹತ್ತು ಯೂರೋ ಆಸುಪಾಸು, ಮುಂಗಡವಾಗಿ ಕೊಂಡರೆ ಅಗ್ಗ ಅಂತೇನೂ ಇಲ್ಲ. ಫ್ಲಾರೆನ್ಸ್‌ನಿಂದಲೂ ಬರಬಹುದು, ಎರಡು ಗಂಟೆಗೆ ಮೇಲಾಗುತ್ತದೆ. ಅತಿವೇಗದ ಕೆಂಪು ರೈಲುಗಳು ಸಾಮಾನ್ಯವಾಗಿ ಇಲ್ಲಿ ನಿಲ್ಲುವುದಿಲ್ಲ, ಅವುಗಳ ಪಟ್ಟಿಯಲ್ಲಿ ಹುಡುಕಿ ‘ರೈಲೇ ಇಲ್ಲ’ ಅಂದುಕೊಳ್ಳಬೇಡಿ.

ಜನ ತಪ್ಪುವುದು ಇಲ್ಲಿ:

ಫಲಕದಲ್ಲಿ ಒರ್ವಿಯೆಟೊ ಅಂತ ದೊಡ್ಡದಾಗಿ ಬರೆದಿರುವುದಿಲ್ಲ. ಅಲ್ಲಿರುವುದು ಕೊನೆಯ ನಿಲ್ದಾಣದ ಹೆಸರು, ಹೆಚ್ಚಾಗಿ ಫಿರೆಂಝೆ, ಅಂದರೆ ಫ್ಲಾರೆನ್ಸ್. ರೈಲಿನ ಸಂಖ್ಯೆ ನೋಡಿ ಹತ್ತಿ, ಊರಿನ ಹೆಸರು ನೋಡಿ ಅಲ್ಲ.

ಟೆರ್ಮಿನಿಯಲ್ಲಿ ಪ್ಲಾಟ್‌ಫಾರ್ಮ್ ಸಂಖ್ಯೆಯ ಪಕ್ಕ ‘ಎಸ್ಟ್’ ಅಂತ ಕಂಡರೆ ನಡೆಯೋಕೆ ಶುರು ಮಾಡಿ. ಆ ಪ್ಲಾಟ್‌ಫಾರ್ಮ್‌ಗಳು ಮುಖ್ಯ ಹಜಾರದಿಂದ ಬಹಳ ದೂರ, ವಯಸ್ಸಾದವರ ಜೊತೆ ಹತ್ತು-ಹದಿನೈದು ನಿಮಿಷ ಹಿಡಿಯುತ್ತದೆ. ಅಷ್ಟು ನಡೆಸುವುದು ಬೇಡ ಅನ್ನಿಸಿದರೆ ತಿಬುರ್ತಿನಾದಿಂದ ಹತ್ತಿ. ಫಿಯುಮಿಚೀನೊ ವಿಮಾನ ನಿಲ್ದಾಣದಿಂದ ನೇರ ಬರುವವರಿಗೂ ತಿಬುರ್ತಿನಾದಲ್ಲಿ ರೈಲು ಬದಲಿಸುವುದೇ ಸುಲಭ.

ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮ್ ಹತ್ತಿರದ ಪುಟ್ಟ ಯಂತ್ರದಲ್ಲಿ ಅದರ ಮೇಲೆ ಸಮಯದ ಮುದ್ರೆ ಒತ್ತಿಸಬೇಕು. ಇದನ್ನು ‘ಕೊನ್ವಾಲಿದಾರೆ’ ಅನ್ನುತ್ತಾರೆ. ಮುದ್ರೆ ಇಲ್ಲದ ಟಿಕೆಟ್ ಇದ್ದೂ ಇಲ್ಲದ ಹಾಗೆ, ಟಿಕೆಟ್ ಪರೀಕ್ಷಕರು ದಂಡ ಹಾಕುತ್ತಾರೆ. ಮೊಬೈಲಿನಲ್ಲಿ ಕೊಂಡಿದ್ದರೆ ಟಿಕೆಟ್ ತೆರೆದು ‘ಚೆಕ್-ಇನ್’ ಗುಂಡಿ ಇದೆಯಾ ನೋಡಿ, ಇದ್ದರೆ ರೈಲು ಹೊರಡುವ ಮುಂಚೆ ಒತ್ತಿ. ನನಗೊಮ್ಮೆ ಈ ಮುದ್ರೆ ಮರೆತೇ ಹೋಗಿ, ದಂಡ ತೆತ್ತ ದುಡ್ಡಿನಲ್ಲಿ ನಾಲ್ಕು ಜನ ಊಟ ಮಾಡಬಹುದಿತ್ತು.

‘ಶೋಪೆರೊ’ ಅಂತ ಪದ ಕಂಡರೆ ಗಮನ ಕೊಡಿ. ಅದು ಮುಷ್ಕರ. ಇಟಲಿಯಲ್ಲಿ ರೈಲು ಮುಷ್ಕರ ಮುಂಚೆಯೇ ಘೋಷಣೆಯಾಗುತ್ತದೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಪ್ರಾದೇಶಿಕ ರೈಲುಗಳನ್ನು ಓಡಿಸಲೇಬೇಕು ಅಂತ ನಿಯಮವಿದೆ. ಮುಷ್ಕರದ ದಿನ ಸಿಕ್ಕಿಬಿದ್ದರೆ ಆ ಹೊತ್ತಿಗೆ ಪ್ರಯಾಣ ಹೊಂದಿಸಿಕೊಳ್ಳಿ.

3. ಬಂಡೆ ಹತ್ತುವುದು

ರೈಲು ನಿಲ್ಲುವುದು ಬಂಡೆಯ ಬುಡದಲ್ಲಿ. ಈ ಕೆಳಗಿನ ಬಡಾವಣೆಗೆ ಒರ್ವಿಯೆಟೊ ಸ್ಕಾಲೊ ಅಂತ ಹೆಸರು. ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೇ ‘ಫುನಿಕೊಲಾರೆ’ ಕಾಣುತ್ತದೆ. ಹಳಿಯ ಮೇಲೆ ಕೂತ ಬಂಡಿಯನ್ನು ಹಗ್ಗ ಮೇಲಕ್ಕೆ ಎಳೆಯುತ್ತದೆ. ಬಾವಿಯ ರಾಟೆಯ ಹಗ್ಗದ ಎರಡು ತುದಿಗೂ ಕೊಡ ಕಟ್ಟಿದರೆ ಹೇಗೋ ಹಾಗೆ, ಒಂದು ಬಂಡಿ ಏರುವಾಗ ಇನ್ನೊಂದು ಇಳಿಯುತ್ತದೆ, ನಡುದಾರಿಯಲ್ಲಿ ಎರಡೂ ಪಕ್ಕ ಪಕ್ಕ ಹಾದುಹೋಗುತ್ತವೆ. 1888ರಲ್ಲಿ ಇದು ಶುರುವಾದಾಗ ಮೋಟಾರೂ ಇರಲಿಲ್ಲ. ಮೇಲಿನ ಬಂಡಿಯ ತೊಟ್ಟಿಗೆ ನೀರು ತುಂಬಿ, ಆ ಭಾರಕ್ಕೇ ಕೆಳಗಿನದನ್ನು ಎಳೆಸುತ್ತಿದ್ದರು. 1970ರಲ್ಲಿ ನಿಂತುಹೋಗಿ, 1990ರಲ್ಲಿ ವಿದ್ಯುತ್ತಿನಿಂದ ಮತ್ತೆ ಓಡತೊಡಗಿತು.

ಟಿಕೆಟ್ ಒಂದೂವರೆ ಯೂರೋ ಆಸುಪಾಸು. ಎರಡು-ಮೂರು ನಿಮಿಷದಲ್ಲಿ ಮೇಲೆ. ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಬರುತ್ತದೆ, ರಾತ್ರಿ ಎಂಟೂವರೆ ಸುಮಾರಿಗೆ ನಿಲ್ಲುತ್ತದೆ. ತಡವಾಗಿ ಬರುವವರು ಬಸ್ ಹೊತ್ತನ್ನು ಮುಂಚೆಯೇ ನೋಡಿಟ್ಟುಕೊಳ್ಳಿ.

ಮೇಲೆ ಇಳಿಯುವುದು ಪಿಯಾಝ್ಝಾ ಕಾಹೆನ್ ಎಂಬ ಚೌಕದಲ್ಲಿ, ಊರಿನ ಪೂರ್ವದ ತುದಿ ಅದು. ಅಲ್ಲಿಂದ ದೊಡ್ಡ ಚರ್ಚಿಗೆ ಕಾರ್ಸೊ ಕವೂರ್ ಎಂಬ ಮುಖ್ಯ ಬೀದಿ ಹಿಡಿದು ಹದಿನೈದು ನಿಮಿಷದ ನಡಿಗೆ, ಸಣ್ಣ ಏರು. ಮೊಣಕಾಲು ನೋವಿನವರು ಏರಬೇಕಾಗಿಲ್ಲ. ‘ಎ’ ಅಂತ ಬರೆದ ಪುಟ್ಟ ಬಸ್ಸು ಅಲ್ಲೇ ಕಾದಿರುತ್ತದೆ, ಚರ್ಚಿನ ಮುಂದೆಯೇ ಇಳಿಸುತ್ತದೆ.

ಈಗ ಕಾರಿನ ವಿಷಯ. ಬೇಡ ಅಂದರೂ ಕೆಲವರು ತರುತ್ತೀರಿ, ಗೊತ್ತು. ಭಾರತದ ಲೈಸೆನ್ಸ್ ಜೊತೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇರಲೇಬೇಕು. ಅದಕ್ಕಿಂತ ದೊಡ್ಡ ಗುಂಡಿ ಝಡ್‌ಟಿಎಲ್. ಹಳೇ ಊರಿನೊಳಗೆ ಹೊರಗಿನವರ ವಾಹನ ಬರಬಾರದು ಎಂಬ ಗಡಿ ಅದು. ಬಿಳಿ ಫಲಕದ ಮೇಲೆ ಕೆಂಪು ವೃತ್ತ ಇರುತ್ತದೆ, ಮೇಲೆ ಕ್ಯಾಮೆರಾ. ಪೊಲೀಸರು ನಿಲ್ಲಿಸುವುದಿಲ್ಲ, ಗೇಟೂ ಇರುವುದಿಲ್ಲ. ಸುಮ್ನೆ ಒಳಗೆ ಹೋಗಿ ಬರುತ್ತೀರಿ. ತಿಂಗಳುಗಟ್ಟಲೆ ಆದ ಮೇಲೆ ದಂಡದ ಕಾಗದ ಮನೆಗೆ ಬರುತ್ತದೆ. ನಿಮ್ಮ ವಿಳಾಸವನ್ನು ಪೊಲೀಸರಿಗೆ ಕೊಟ್ಟ ಕೂಲಿ ಅಂತ ಬಾಡಿಗೆ ಕಾರಿನವರು ಬೇರೆ ದುಡ್ಡು ಹಿಡಿದಿರುತ್ತಾರೆ. ಎರಡು ಸಲ ಗಡಿ ದಾಟಿದ್ದರೆ ಎರಡು ದಂಡ. ಜಿಪಿಎಸ್ ಇದನ್ನು ಹೇಳುತ್ತದೆ ಅಂತ ನಂಬಬೇಡಿ. ಕಾರನ್ನು ಬಂಡೆಯ ಬುಡದ ಕಾಂಪೊ ದೆಲ್ಲಾ ಫಿಯೆರಾ ಪಾರ್ಕಿಂಗ್‌ನಲ್ಲಿ ಬಿಡಿ. ಅಲ್ಲಿಂದ ಬಂಡೆಯ ಒಳಗೇ ಕೊರೆದ ಎಸ್ಕಲೇಟರ್, ಲಿಫ್ಟ್‌ಗಳಿವೆ, ಮೇಲೆ ಊರಿನ ಪಶ್ಚಿಮ ಭಾಗಕ್ಕೆ ತಲುಪಿಸುತ್ತವೆ.

ಕಾರನ್ನು ಇಷ್ಟು ದೂರ ಇಡುವುದಕ್ಕೆ ಕಾರಣ ಬರೀ ಜಾಗದ ಕೊರತೆಯಲ್ಲ. 1970ರ ದಶಕದ ಕೊನೆಯಲ್ಲಿ ಬಂಡೆಯ ಅಂಚುಗಳು ಕುಸಿಯತೊಡಗಿದವು. ಸರ್ಕಾರ ವಿಶೇಷ ಕಾನೂನು ಮಾಡಿ ಬಂಡೆಯನ್ನು ಭದ್ರಪಡಿಸಿತು. ಫುನಿಕೊಲಾರೆ ಮತ್ತೆ ಓಡಿದ್ದು, ಎಸ್ಕಲೇಟರ್ ಬಂದಿದ್ದು ಎಲ್ಲ ಆಮೇಲಿನ ಮಾತು.

4. ಮೊದಲು ಬಾವಿ

ಫುನಿಕೊಲಾರೆ ಇಳಿದವರೆಲ್ಲ ಬಸ್ಸು ಹಿಡಿದು ಚರ್ಚಿಗೆ ಓಡುತ್ತಾರೆ. ನೀವು ಓಡಬೇಡಿ. ಚೌಕದಿಂದ ಎರಡು-ಮೂರು ನಿಮಿಷದಲ್ಲಿ ಪೊಝ್ಝೊ ದಿ ಸಾನ್ ಪತ್ರಿಝಿಯೊ ಇದೆ. ಪೊಝ್ಝೊ ಅಂದರೆ ಬಾವಿ. ಬೆಳಿಗ್ಗೆ ಇಲ್ಲಿ ಜನ ಕಡಿಮೆ.

ಊರು ಬಂಡೆಯ ಮೇಲಿದ್ದರೆ ಶತ್ರುವಿನ ಭಯವಿಲ್ಲ, ನಿಜ. ಆದರೆ ನೀರು? ಮುತ್ತಿಗೆ ಹಾಕಿದವರು ಸುಮ್ಮನೆ ಕೆಳಗೆ ಕೂತರೆ ಸಾಕು, ಮೇಲಿನವರ ಬಾಯಿ ಒಣಗುತ್ತದೆ. 1527ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನಿಕರು ರೋಮ್ ಅನ್ನು ಸೂರೆ ಮಾಡಿದಾಗ ಪೋಪ್ ಏಳನೇ ಕ್ಲೆಮೆಂಟ್ ವೇಷ ಮರೆಸಿಕೊಂಡು ಒರ್ವಿಯೆಟೊಗೆ ಓಡಿಬಂದರು. ಬಂದವರಿಗೆ ಮೊದಲು ಹತ್ತಿದ ಚಿಂತೆ ನೀರಿನದೇ. ಕಿರಿಯ ಆಂಟೊನಿಯೊ ದ ಸಾಂಗಾಲ್ಲೊ ಎಂಬ ವಾಸ್ತುಶಿಲ್ಪಿಗೆ ಬಾವಿ ತೋಡುವ ಕೆಲಸ ಕೊಟ್ಟರು. ಮುಗಿಯಲು ಹತ್ತು ವರ್ಷ ಬೇಕಾಯಿತು, 1537. ಅಷ್ಟರಲ್ಲಿ ಕ್ಲೆಮೆಂಟ್ ತೀರಿಕೊಂಡಿದ್ದರು.

ಆಳ ಸುಮಾರು 54 ಮೀಟರ್, ಅಗಲ 13 ಮೀಟರ್. ನಡುವಿನ ಬಾವಿಯ ಸುತ್ತ ಎರಡು ಸುರುಳಿ ಮೆಟ್ಟಿಲ ದಾರಿಗಳು ಒಂದರ ಮೇಲೊಂದು ಸುತ್ತಿಕೊಂಡು ಇಳಿಯುತ್ತವೆ. ಒಂದಕ್ಕೊಂದು ಎಲ್ಲೂ ಸೇರುವುದಿಲ್ಲ. ನೀರು ತರುವ ಹೇಸರಗತ್ತೆ ಒಂದರಲ್ಲಿ ಇಳಿದು, ಬುಡದ ಪುಟ್ಟ ಸೇತುವೆ ದಾಟಿ, ಇನ್ನೊಂದರಲ್ಲಿ ಹತ್ತುತ್ತಿತ್ತು. ಎದುರಿಗೆ ಇನ್ನೊಂದು ಹೇಸರಗತ್ತೆ ಬಂದು ದಾರಿ ಕಟ್ಟುವ ಪ್ರಶ್ನೆಯೇ ಇಲ್ಲ. ಈಗ ನೀವು ಹೋಗುವುದೂ ಹಾಗೇ.

ಗೋಡೆಯಲ್ಲಿ 70ರಷ್ಟು ಕಮಾನು ಕಿಟಕಿಗಳಿವೆ, ಎಲ್ಲ ಬಾವಿಯ ಕಡೆಗೇ ತೆರೆದವು. ಅರ್ಧ ಇಳಿದ ಮೇಲೆ ಒಂದು ಕಿಟಕಿಯಲ್ಲಿ ನಿಂತು ಎದುರಿಗೆ ನೋಡಿ. ಅಲ್ಲೊಬ್ಬರು ಅದೇ ಮಟ್ಟದಲ್ಲಿ ಕಾಣುತ್ತಾರೆ, ಕೈ ಬೀಸುತ್ತಾರೆ. ಅವರು ಹತ್ತುತ್ತಿರುವವರು. ಇನ್ನು ಹತ್ತು ಹೆಜ್ಜೆ ಇಳಿದರೆ ಅವರು ನಿಮ್ಮ ತಲೆಯ ಮೇಲಿನ ಕಿಟಕಿಯಲ್ಲಿರುತ್ತಾರೆ. ಕೆಳಕ್ಕೆ ಹೋದಂತೆ ಬೆಳಕು ಹಸಿರಾಗಿ ಮಂಕಾಗುತ್ತದೆ, ಗೋಡೆ ಒದ್ದೆಯಾಗುತ್ತದೆ.

ಎಚ್ಚರಿಕೆ: 248 ಮೆಟ್ಟಿಲು ಇಳಿಯಬೇಕು, ಅಷ್ಟೇ ಹತ್ತಬೇಕು. ಲಿಫ್ಟ್ ಇಲ್ಲ, ನಡುವೆ ವಾಪಸು ಬರುವ ಅಡ್ಡದಾರಿಯೂ ಇಲ್ಲ. ಹೇಸರಗತ್ತೆಗಳಿಗಾಗಿ ಮಾಡಿದ್ದರಿಂದ ಮೆಟ್ಟಿಲು ಅಗಲ, ಎತ್ತರ ಕಡಿಮೆ. ಆದರೂ ಮೊಣಕಾಲು, ಹೃದಯದ ತೊಂದರೆ ಇದ್ದವರು ಇಳಿಯಬೇಡಿ. ಅವರಿಗೆ ಪಕ್ಕದಲ್ಲೇ ಹಳೇ ಕೋಟೆಯ ತೋಟವಿದೆ. ಪುಕ್ಕಟೆ, ನೆರಳಿದೆ, ಬೆಂಚು ಇದೆ, ಕಣಿವೆ ಪೂರ್ತಿ ಕಾಣುತ್ತದೆ. ನೀವು ಬಾವಿ ಮುಗಿಸಿ ಬರುವವರೆಗೆ ಅಪ್ಪ-ಅಮ್ಮ ಅಲ್ಲಿ ಆರಾಮಾಗಿರುತ್ತಾರೆ.

5. ಊರಿನ ಕೆಳಗಿನ ಊರು

ಬಂಡೆಯೊಳಗೆ 1,200ಕ್ಕೂ ಹೆಚ್ಚು ಗುಹೆ, ಸುರಂಗ, ಬಾವಿಗಳನ್ನು ಗುರುತಿಸಿದ್ದಾರೆ. ಬಹಳಷ್ಟು ಖಾಸಗಿ ಮನೆಗಳ ನೆಲಮಾಳಿಗೆಗಳು. ಎಲ್ಲರೂ ನೋಡಬಹುದಾದ ಭಾಗಕ್ಕೆ ‘ಒರ್ವಿಯೆಟೊ ಅಂಡರ್‌ಗ್ರೌಂಡ್’ ಅಂತ ಹೆಸರು. ಮಾರ್ಗದರ್ಶಿಯ ಜೊತೆಗೇ ಹೋಗಬೇಕು. ಟಿಕೆಟ್ ದೊಡ್ಡ ಚರ್ಚಿನ ಎದುರಿನ ಚೌಕದಲ್ಲಿ ಸಿಗುತ್ತದೆ, ಒಂದು ಗಂಟೆಯೊಳಗೆ ಮುಗಿಯುತ್ತದೆ. ಊರಿಗೆ ಬಂದ ಕೂಡಲೇ ಇಂಗ್ಲಿಷ್ ಪ್ರವಾಸದ ಹೊತ್ತು ಕೇಳಿ ಜಾಗ ಹಿಡಿದಿಡಿ, ಉಳಿದ ದಿನವನ್ನು ಅದರ ಸುತ್ತ ಹೊಂದಿಸಿಕೊಳ್ಳಿ. ರಿಪೋಸೊ ಹೊತ್ತಿಗೆ ಇದನ್ನು ಇಟ್ಟುಕೊಂಡರೆ ಜಾಣತನ. ಹೊರಗೆ ಅಂಗಡಿ ಮುಚ್ಚಿರುತ್ತದೆ, ಬಿಸಿಲು ಸುಡುತ್ತಿರುತ್ತದೆ, ನೀವು ತಣ್ಣಗೆ ನೆಲದೊಳಗಿರುತ್ತೀರಿ.

ಒಳಗೆ ಎಟ್ರುಸ್ಕನ್ನರು ಕೊರೆದ ಬಾವಿಗಳಿವೆ. ಎಟ್ರುಸ್ಕನ್ನರು ಅಂದರೆ ರೋಮನ್ನರಿಗಿಂತ ಮುಂಚೆ ಮಧ್ಯ ಇಟಲಿಯಲ್ಲಿ ಬಲವಾಗಿದ್ದ ಜನ. ಈ ಊರನ್ನು ಅವರು ವೆಲ್ಝ್ನಾ ಅನ್ನುತ್ತಿದ್ದರು. ಕ್ರಿ.ಪೂ. 264ರಲ್ಲಿ ರೋಮನ್ನರು ಊರನ್ನು ಕೆಡವಿ, ಉಳಿದವರನ್ನು ಬೊಲ್ಸೇನಾ ಕೆರೆಯ ದಡಕ್ಕೆ ಕಳಿಸಿದರು. ಬಾವಿಯ ಗೋಡೆಯಲ್ಲಿ ಕಾಲಿಡಲು ಕೊರೆದ ಸಣ್ಣ ಗುಳಿಗಳು ಎದುರುಬದುರಾಗಿ ಕೆಳಕ್ಕೆ ಹೋಗಿವೆ. ತೋಡಿದವರು ಇಳಿದು ಹತ್ತಿದ್ದು ಅವುಗಳಲ್ಲೇ. ನಮ್ಮ ಕಡೆ ಬಾವಿ ಇಳಿಯುವವರು ನೋಡಿದರೆ ತಕ್ಷಣ ಗುರುತು ಹಿಡಿಯುತ್ತಾರೆ.

ಇನ್ನೊಂದು ಕೋಣೆಯ ಗೋಡೆ ತುಂಬ ಚೌಕ ಗೂಡುಗಳು, ಸಾಲು ಸಾಲಾಗಿ, ಹಳೇ ಅಂಚೆ ಕಚೇರಿಯ ಖಾನೆಗಳ ಹಾಗೆ. ಅವು ಪಾರಿವಾಳದ ಗೂಡುಗಳು. ಬಂಡೆಯ ಅಂಚಿಗೆ ಒಂದು ಕಿಂಡಿ ಇರುತ್ತದೆ. ಹಕ್ಕಿ ಅದರಿಂದ ಹೊರಗೆ ಹಾರಿ, ಬಯಲಲ್ಲಿ ತಾನೇ ಮೇಯ್ದು, ಗೂಡಿಗೆ ಬಂದು ಮೊಟ್ಟೆಯಿಡುತ್ತದೆ. ಮುತ್ತಿಗೆಯ ಕಾಲದಲ್ಲಿ ಸಾಕುವ ಖರ್ಚಿಲ್ಲದ ಊಟ. ಅಲ್ಲಿನ ಗೋಡೆಯನ್ನು ಬೆರಳಿಂದ ಸವರಿದರೆ ಹಳದಿ ಪುಡಿ ಅಂಟುತ್ತದೆ. ಕಲ್ಲು ಎಷ್ಟು ಮೆತ್ತಗಿದೆ ಅನ್ನುವುದು ಆ ಪುಡಿ ನೋಡಿದರೆ ತಿಳಿಯುತ್ತದೆ. ಒಂದು ಸಲ ಸಾಕು, ಎಲ್ಲರೂ ಕೆರೆದರೆ ಗೋಡೆ ಉಳಿಯುವುದಿಲ್ಲ!

ಕೆಲವು ಕಡೆ ಮೆಟ್ಟಿಲ ದಾರಿ ಬಲು ಇಕ್ಕಟ್ಟು. ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟಿದಂತಾಗುವವರು ಟಿಕೆಟ್ ಕೊಳ್ಳುವಾಗಲೇ ಹೇಳಿ.

6. ಚರ್ಚಿಗೆ ಸಂಜೆಯ ಬಿಸಿಲು

ಊರಿನ ಮುಖ್ಯ ಚರ್ಚಿಗೆ ‘ದುವೊಮೊ’ ಅನ್ನುತ್ತಾರೆ. ಕಟ್ಟಲು ಶುರು ಮಾಡಿದ್ದು 1290ರಲ್ಲಿ. ಪಕ್ಕದ ಗೋಡೆಗಳಲ್ಲಿ ಬಿಳಿ ಕಲ್ಲು, ಕಪ್ಪು ಕಲ್ಲು ಒಂದೊಂದು ಸಾಲು, ಪಟ್ಟೆ ಪಟ್ಟೆಯಾಗಿ. ಮುಂಭಾಗದಲ್ಲಿ ಬಂಗಾರದ ಬಣ್ಣದ ಗಾಜಿನ ಚೂರುಗಳ ಚಿತ್ರಗಳು. ಮುಖ ಪಶ್ಚಿಮದ ಕಡೆಗಿರುವುದರಿಂದ ಬೆಳಿಗ್ಗೆ ಪೂರ್ತಿ ನೆರಳು. ಸಂಜೆ ನಾಲ್ಕರ ಮೇಲೆ ಬಿಸಿಲು ನೇರ ಬಿದ್ದು ಹೊಳೆಯತೊಡಗುತ್ತದೆ. ಬಾವಿ, ಗುಹೆ ಮೊದಲು, ಚರ್ಚ್ ಕೊನೆಗೆ ಅಂತ ಹೇಳಿದ್ದು ಇದಕ್ಕೇ.

ಒಳಗೆ ಹೋಗುವ ಮುಂಚೆ ಕೆಳಗಿನ ನಾಲ್ಕು ಕಂಬಗಳ ಕೆತ್ತನೆ ನೋಡಿ. ಲೊರೆಂಝೊ ಮೈತಾನಿ ಎಂಬ ಶಿಲ್ಪಿಯ ಮೇಲ್ವಿಚಾರಣೆಯಲ್ಲಿ ಹದಿನಾಲ್ಕನೇ ಶತಮಾನದ ಮೊದಲ ಭಾಗದಲ್ಲಿ ಆದದ್ದು. ಎಡತುದಿಯ ಕಂಬದಲ್ಲಿ ಲೋಕದ ಸೃಷ್ಟಿ, ಬಲತುದಿಯಲ್ಲಿ ಕಡೆಯ ತೀರ್ಪು. ನಡುವಿನ ಕಥೆ ಬಳ್ಳಿಯ ಸುರುಳಿಗಳ ನಡುವೆ ಹರಿಯುತ್ತದೆ. ಬೇಲೂರು, ಹಳೇಬೀಡಿನ ಗೋಡೆ ಓದಿ ಅಭ್ಯಾಸವಿದ್ದ ಕಣ್ಣಿಗೆ ಇದು ಹೊಸತಲ್ಲ, ಅಲ್ವಾ? ಬಲತುದಿಯ ಬುಡದಲ್ಲಿ ನರಕದವರ ಮುಖ ಕಣ್ಣಿನ ಎತ್ತರಕ್ಕೇ ಇದೆ.

ಒಳಗೆ ಬಲಗಡೆಯ ಸಾನ್ ಬ್ರಿಝಿಯೊ ಚಾಪೆಲ್ ತಪ್ಪಿಸಬೇಡಿ. ಚಿತ್ರಗಳನ್ನು 1447ರಲ್ಲಿ ಫ್ರಾ ಆಂಜೆಲಿಕೊ ಶುರು ಮಾಡಿ ಬಿಟ್ಟುಹೋದರು. ಅರ್ಧ ಶತಮಾನ ಖಾಲಿ ಇದ್ದ ಗೋಡೆಗಳನ್ನು ಲೂಕಾ ಸಿನ್ಯೊರೆಲ್ಲಿ 1499ರಿಂದ 1504ರವರೆಗೆ ತುಂಬಿದರು. ಎಡಗೋಡೆಯಲ್ಲಿ ಒಬ್ಬ ವ್ಯಕ್ತಿ ಪೀಠದ ಮೇಲೆ ನಿಂತು ಭಾಷಣ ಮಾಡುತ್ತಿದ್ದಾನೆ, ನೋಡಲು ಥೇಟ್ ಯೇಸು. ಹಿಂದೆ ದೆವ್ವವೊಂದು ಅವನ ಕಿವಿಯಲ್ಲಿ ಮಾತು ಹೇಳಿಕೊಡುತ್ತಿದೆ. ಅವನು ಯೇಸುವಿನ ವೇಷದ ಮೋಸಗಾರ. ಇನ್ನೂ ಹತ್ತಿರದಿಂದ ನೋಡಿದರೆ ಅವನ ನಿಲುವಂಗಿಯಿಂದ ಹೊರಬಂದ ಕೈ ಅವನದೋ ದೆವ್ವದ್ದೋ ಅಂತ ಗೊಂದಲವಾಗುತ್ತದೆ. ಎಡ ಮೂಲೆಯಲ್ಲಿ ಕಪ್ಪು ಬಟ್ಟೆಯ ಇಬ್ಬರು ನಿಂತಿದ್ದಾರೆ, ಚಿತ್ರದ ಗದ್ದಲಕ್ಕೆ ಸಂಬಂಧವೇ ಇಲ್ಲದ ಹಾಗೆ. ಒಬ್ಬರು ಸಿನ್ಯೊರೆಲ್ಲಿ, ಇನ್ನೊಬ್ಬರು ಫ್ರಾ ಆಂಜೆಲಿಕೊ.

ಭಾನುವಾರ, ಹಬ್ಬದ ದಿನ ಬೆಳಿಗ್ಗೆ ಪೂಜೆ ಇರುವುದರಿಂದ ಪ್ರವಾಸಿಗರಿಗೆ ಮಧ್ಯಾಹ್ನದ ಮೇಲೇ ಪ್ರವೇಶ. ಟಿಕೆಟ್ ಇದೆ. ಚರ್ಚ್, ಬಾವಿ, ಗುಹೆ, ಗೋಪುರ ಎಲ್ಲ ಸೇರಿಸಿ ‘ಕಾರ್ತಾ ಉನಿಕಾ’ ಅಂತ ಒಂದೇ ಟಿಕೆಟ್ ಸಿಗುತ್ತದೆ. ಎಲ್ಲವನ್ನೂ ನೋಡುವವರಿಗೆ ಅದು ಲಾಭ. ಚರ್ಚಿನ ಜೊತೆ ಇನ್ನೊಂದಕ್ಕಷ್ಟೇ ಹೋಗುವ ಹಿರಿಯರಿಗೆ ಬಿಡಿ ಟಿಕೆಟ್ ಲೆಕ್ಕ ಹಾಕಿ ನೋಡಿ. 47 ಮೀಟರ್ ಎತ್ತರದ ತೊರ್ರೆ ದೆಲ್ ಮೊರೊ ಗೋಪುರ ಕಾಲಲ್ಲಿ ಇನ್ನೂ ಶಕ್ತಿ ಉಳಿದವರಿಗೆ.

7. ಊಟ

ಮೊದಲು ಒಂದು ಪದ. ಇಟಲಿಯಲ್ಲಿ ‘ಬಾರ್’ ಅಂದರೆ ನಮ್ಮ ಬಾರ್ ಅಲ್ಲ, ಕಾಫಿ ಅಂಗಡಿ. ಅಮ್ಮನನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ. ಕೌಂಟರ್ ಹತ್ತಿರ ನಿಂತು ಕುಡಿದರೆ ಒಂದು ರೇಟು, ಮೇಜಿನ ಮುಂದೆ ಕೂತರೆ ಇನ್ನೊಂದು, ಜಾಸ್ತಿ. ಕೆಲವು ಕಡೆ ಮೊದಲು ದುಡ್ಡು ಕೊಟ್ಟು ಚೀಟಿ ತೆಗೆದುಕೊಂಡು ಕೌಂಟರ್‌ನಲ್ಲಿ ತೋರಿಸಬೇಕು. ಬೆಂಗಳೂರಿನ ದರ್ಶಿನಿಯಲ್ಲಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬರೀ ‘ಕಫ್ಫೆ’ ಕೇಳಿದರೆ ಎರಡು ಗುಟುಕಿನ ಕಡು ಕಾಫಿ ಬರುತ್ತದೆ. ಹಾಲು ಬೇಕಾದರೆ ಕಾಪುಚೀನೊ. ‘ಲಾತ್ತೆ’ ಅಂತಷ್ಟೇ ಹೇಳಿದರೆ ಒಂದು ಲೋಟ ಹಾಲು ತಂದಿಡುತ್ತಾರೆ.

ಉಂಬ್ರಿಯಾದ ಅಡುಗೆ ಮಾಂಸದ್ದೇ. ಚಿಂಗ್ಯಾಲೆ ಅಂದರೆ ಕಾಡುಹಂದಿ. ಗೂಡು ನೋಡಿ ಬಂದ ಪಾರಿವಾಳ ‘ಪಿಚೋನೆ’ ಅಂತ ಮೆನುವಿನಲ್ಲಿದೆ. ಶಾಕಾಹಾರಿಗಳು ಕೇಳಬೇಕಾದ ಪದಾರ್ಥ ಉಂಬ್ರಿಕೆಲ್ಲಿ. ಇದು ಇಲ್ಲಿನದೇ ದಪ್ಪ ಶಾವಿಗೆ, ಸಾಂಪ್ರದಾಯಿಕವಾಗಿ ಹಿಟ್ಟು ಮತ್ತು ನೀರು ಮಾತ್ರ, ಮೊಟ್ಟೆ ಇಲ್ಲ. ಆದರೂ ‘ಸೆಂತ್ಸಾ ಊವೊ?’ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ, ಮೊಟ್ಟೆ ಇಲ್ಲ ತಾನೇ ಅಂತ ಅರ್ಥ. ಟೊಮೇಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ‘ಅರ್ರಾಬ್ಯಾತಾ’ ಸಾರಿನ ಜೊತೆ ಚೆನ್ನಾಗಿರುತ್ತದೆ. ಖಾರ ನಮ್ಮ ಲೆಕ್ಕಕ್ಕೆ ಸಪ್ಪೆಯೇ.

ಮೋಸ ಹೋಗುವ ಜಾಗಗಳು ಇವು. ಅಮಾತ್ರಿಚಾನಾ ಬರೀ ಟೊಮೇಟೊ ಅಂತ ಕಾಣುತ್ತದೆ, ಒಳಗೆ ಹಂದಿಯ ಕೊಬ್ಬಿನ ಚೂರು. ತರಕಾರಿ ಸೂಪಿಗೆ ‘ಬ್ರೋದೊ’ ಹಾಕಿರಬಹುದು, ಅದು ಹೆಚ್ಚಾಗಿ ಮಾಂಸ ಬೇಯಿಸಿದ ನೀರು. ತಾರ್ತುಫೊ ಅಂದರೆ ನೆಲದಡಿ ಬೆಳೆಯುವ ಟ್ರಫಲ್ ಅಣಬೆ, ಉಂಬ್ರಿಯಾದ ಹೆಮ್ಮೆ. ಆದರೆ ಇಲ್ಲಿ ಅದರ ಸಾಸಿಗೆ ಸಣ್ಣ ಮೀನು ಅರೆದು ಹಾಕುವ ರೂಢಿಯೂ ಇದೆ, ‘ಅಚ್ಚೂಗೆ’ ಇದೆಯಾ ಕೇಳಿ. ಪಾರ್ಮೆಸಾನ್ ಚೀಸ್ ಮಾಡುವುದೇ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ, ಕಟ್ಟುನಿಟ್ಟಿನವರು ಉದುರಿಸಬೇಡಿ ಅನ್ನಿ. ತಮಾಷೆ ಏನೆಂದರೆ, ಹೆಸರು ಕೇಳಿ ಮೀನಿರಬೇಕು ಅನ್ನಿಸುವ ಪಿಝ್ಝಾ ಮರಿನಾರಾದಲ್ಲಿ ಇರುವುದು ಟೊಮೇಟೊ, ಬೆಳ್ಳುಳ್ಳಿ, ಎಣ್ಣೆ, ಒರೆಗಾನೊ ಅಷ್ಟೇ. ಚೀಸ್ ಕೂಡ ಇಲ್ಲ. ಅಪ್ಪನಿಗೆ ಅದನ್ನೇ ಹೇಳಿ.

ಬ್ರೆಡ್ ಬಾಯಿಗಿಟ್ಟು ‘ಉಪ್ಪೇ ಇಲ್ಲ’ ಅಂತ ವಾಪಸು ಕೊಡಬೇಡಿ. ಈ ಕಡೆಯ ಬ್ರೆಡ್ಡಿಗೆ ಉಪ್ಪು ಹಾಕುವುದೇ ಇಲ್ಲ. ಆಲಿವ್ ಎಣ್ಣೆ ಸುರಿದು ಮೇಲೆ ಉಪ್ಪು ಉದುರಿಸಿಕೊಳ್ಳಿ. ಚೀಲದಲ್ಲಿ ಉಪ್ಪಿನಕಾಯಿ ಇದ್ದರೆ ನಾನೇನೂ ಬೇಡ ಅನ್ನಲ್ಲ. ಬಿಲ್ಲಿನಲ್ಲಿ ‘ಕೊಪೆರ್ತೊ’ ಅಂತ ತಲೆಗೆ ಇಷ್ಟು ಹಾಕಿರುತ್ತಾರೆ. ಅದು ಮೇಜಿನ ಬಾಡಿಗೆ ಇದ್ದ ಹಾಗೆ, ಮೋಸವಲ್ಲ. ಟಿಪ್ಸ್ ಕಡ್ಡಾಯವಲ್ಲ. ರಾತ್ರಿ ಊಟ ಏಳೂವರೆಗೆ ಮುಂಚೆ ಸಿಗುವುದಿಲ್ಲ, ಮಕ್ಕಳಿದ್ದರೆ ಐದಕ್ಕೇ ಏನಾದರೂ ತಿನ್ನಿಸಿರಿ.

8. ರಾತ್ರಿ ಮತ್ತು ಮರುದಿನ ಬೆಳಿಗ್ಗೆ

ಕೋಣೆ ಹಿಡಿಯುವಾಗ ‘ಹಳೇ ಊರಿನೊಳಗೆ’ ಅಂತ ಖಚಿತ ಮಾಡಿಕೊಳ್ಳಿ. ಕಡಿಮೆ ಬೆಲೆಗೆ ಸಿಗುವ ಬಹಳ ಕೋಣೆಗಳು ಕೆಳಗೆ ಸ್ಕಾಲೊದಲ್ಲಿರುತ್ತವೆ. ಲಿಫ್ಟ್ ಇದೆಯಾ ಅಂತಲೂ ಕೇಳಿ. ಹಳೇ ಮನೆಗಳಲ್ಲಿ ಹೆಚ್ಚಾಗಿ ಇರುವುದಿಲ್ಲ, ಮೂರನೇ ಮಹಡಿಗೆ 23 ಕೆ.ಜಿ. ಸೂಟ್‌ಕೇಸ್ ಹೊರುವವರು ನೀವೇ. ದೊಡ್ಡ ಸಾಮಾನನ್ನು ರೋಮ್‌ನಲ್ಲೇ ಇಟ್ಟು ಬೆನ್ನುಚೀಲದಲ್ಲಿ ಬರುವುದು ವಾಸಿ. ಎಲ್ಲರ ಪಾಸ್‌ಪೋರ್ಟ್ ತೋರಿಸಬೇಕು, ಪ್ರವಾಸಿ ತೆರಿಗೆ ಅಂತ ಬೇರೆ ಕಟ್ಟಬೇಕಾಗಬಹುದು.

ಬೆಳಿಗ್ಗೆ ಏಳಕ್ಕೇ ಎದ್ದು ಹೊರಗೆ ಬನ್ನಿ. ಗುರುವಾರ, ಶನಿವಾರವಾದರೆ ಪಿಯಾಝ್ಝಾ ದೆಲ್ ಪೊಪೊಲೊದಲ್ಲಿ ಸಂತೆ, ಹಣ್ಣು-ತರಕಾರಿ ಅಲ್ಲೇ ಕೊಳ್ಳಿ. ನಡೆಯಬಲ್ಲವರಿಗೆ ಬಂಡೆಯ ಬುಡದ ಸುತ್ತ ‘ಅನೆಲ್ಲೊ ದೆಲ್ಲಾ ರೂಪೆ’ ಎಂಬ ಕಾಲುದಾರಿ ಇದೆ, ಸುಮಾರು 5 ಕಿ.ಮೀ., ಟಿಕೆಟ್ ಇಲ್ಲ. ಉತ್ತರದ ಕಡೆ ಕ್ರೊಚಿಫಿಸ್ಸೊ ದೆಲ್ ತುಫೊ ಎಂಬ ಎಟ್ರುಸ್ಕನ್ ಸ್ಮಶಾನ ಸಿಗುತ್ತದೆ, ಇದಕ್ಕೆ ಟಿಕೆಟ್ ಇದೆ. ಕ್ರಿ.ಪೂ. ಆರನೇ ಶತಮಾನದ ಕಲ್ಲಿನ ಸಮಾಧಿಗಳು, ಮನೆಗಳ ಹಾಗೆ ಬೀದಿಯ ಎರಡೂ ಕಡೆ ಸಾಲಾಗಿ. ಬಾಗಿಲ ಮೇಲಿನ ಕಲ್ಲಿನಲ್ಲಿ ಮನೆಯೊಡೆಯನ ಹೆಸರು ಕೆತ್ತಿದ್ದಾರೆ. ಅಕ್ಷರಗಳು ಬಲದಿಂದ ಎಡಕ್ಕೆ.

9. ಚಿವಿತಾವನ್ನೂ ಸೇರಿಸಬೇಕಾ?

ಚಿವಿತಾ ದಿ ಬಾನ್ಯೊರೆಜೊ ಇಲ್ಲಿಂದ 20 ಕಿ.ಮೀ. ಆಸುಪಾಸು. ಕೆಳಗಿನ ಜೇಡಿಮಣ್ಣು ಕೊಚ್ಚಿಹೋಗುತ್ತಾ ಅಂಚುಗಳೆಲ್ಲ ಉದುರಿ, ಈಗ ಕೈಬೆರಳೆಣಿಕೆಯ ಜನ ಉಳಿದ ಪುಟ್ಟ ಊರು. 1965ರಲ್ಲಿ ಕಟ್ಟಿದ ಕಾಲುಸೇತುವೆ ಒಂದೇ ದಾರಿ, ಪ್ರವೇಶಕ್ಕೆ ಟಿಕೆಟ್ ಇದೆ. ಫೋಟೋದಲ್ಲಿ ಒರ್ವಿಯೆಟೊಗಿಂತ ಚೆಂದ. ನಡೆದು ನೋಡಲು ಒಂದು ಗಂಟೆ ಸಾಕು. ಸೇತುವೆಯ ಕೊನೆ ಭಾಗ ತೀರಾ ಕಡಿದು, ಮೊಣಕಾಲಿನವರಿಗೆ ಬೇಡ.

ಎರಡನೇ ದಿನ ಬೆಳಿಗ್ಗೆ ಹೊರಟರೆ ಆಗುತ್ತದೆ, ಮೊದಲ ದಿನಕ್ಕೇ ತುರುಕಬೇಡಿ. ಒರ್ವಿಯೆಟೊದಿಂದ ಬಾನ್ಯೊರೆಜೊಗೆ, ಅಂದರೆ ಚಿವಿತಾದ ಪಕ್ಕದ ಊರಿಗೆ, ಬಸ್ಸುಗಳು ದಿನಕ್ಕೆ ಬೆರಳೆಣಿಕೆ, ಭಾನುವಾರ ಮತ್ತು ರಜಾದಿನ ಇಲ್ಲವೇ ಇಲ್ಲ. ಹಿಂದಿನ ದಿನವೇ ‘ತಾಬಾಕ್ಕಿ’ ಅಂದರೆ ಟಿ ಅಕ್ಷರದ ಫಲಕವಿರುವ ಬೀಡಿ-ಸಿಗರೇಟಿನ ಅಂಗಡಿಯಲ್ಲಿ ಹೋಗಿ ಬರುವ ಎರಡೂ ಟಿಕೆಟ್ ಕೊಂಡಿಡಿ. ಬಸ್ಸಿಂದ ಇಳಿದ ಕೂಡಲೇ ವಾಪಸು ಬಸ್ಸಿನ ಹೊತ್ತಿನ ಫೋಟೋ ತೆಗೆದುಕೊಳ್ಳಿ. ವೇಳಾಪಟ್ಟಿಯಲ್ಲಿ ‘ಫೆರಿಯಾಲೆ’ ಅಂದರೆ ಕೆಲಸದ ದಿನ, ‘ಫೆಸ್ತಿವೊ’ ಅಂದರೆ ಭಾನುವಾರ ಮತ್ತು ಹಬ್ಬ. ಮೊದಲನೆಯದನ್ನು ರಜಾದಿನ ಅಂತ ಓದಿಕೊಂಡು, ಬಾರದ ಬಸ್ಸಿಗಾಗಿ ಕಾದು ಕೂತವರಿದ್ದಾರೆ. ಅಲ್ಲಿಂದ ಟ್ಯಾಕ್ಸಿ ಕರೆಸುವ ಖರ್ಚಿನಲ್ಲಿ ಒರ್ವಿಯೆಟೊದಲ್ಲಿ ಇನ್ನೊಂದು ರಾತ್ರಿ ಉಳಿಯಬಹುದು.